ಭೂತಾನದ ರಾಣಿಗೆ ಇಟ್ಟ ಕುಂಕುಮ

ಸಿಂಧನೂರು
4 ಆಗಸ್ಟ್ 2025

ಲಿಂಗಸುಗೂರಿನ ವೀರೇಂದ್ರ ಅವರಿಗೆ, ಗೋಣಿಚೀಲದ ಅಂಗಡಿ ಶೇಖರಮ್ಮನ ಶರಣು.

ನಿಮ್ಮ ನಾಣ್ಯ-ನೋಟು ಬಳಗದ ಆಹ್ವಾನ ಮುಟ್ಟಿತು. ನವೆಂಬರ್ ಒಂಬತ್ತಕ್ಕೆ ಕಲ್ಯಾಣ ಮಂಟಪದಲ್ಲಿ ಪ್ರದರ್ಶನ, ನಡುವಿನ ದೊಡ್ಡ ಮೇಜು ನನ್ನ ಸಂಗ್ರಹಕ್ಕೆ ಎಂದು ಬರೆದಿದ್ದೀರಿ. ಬರುತ್ತೇನೆ. ಇದನ್ನು ಫೋನಿನಲ್ಲೇ ಹೇಳಬಹುದಿತ್ತು. ಆದರೆ ಫೋನಿನಲ್ಲಿ ಹೂಂ ಅಂದವರು, ಹೂಂ ಅಂದದ್ದು ಯಾವುದಕ್ಕೆ ಎಂದು ಆಮೇಲೆ ಕೇಳುವುದನ್ನು ವ್ಯಾಪಾರದಲ್ಲಿ ಬಹಳ ನೋಡಿದ್ದೇನೆ. ಕಾಗದದ ಮೇಲೆ ಇರಲಿ.

ನಮ್ಮಿಬ್ಬರ ಭೇಟಿ ಆದದ್ದು ಒಂದೇ ಸಲ. ಹೋದ ವರ್ಷ ನೀವು ಅಲ್ಲಿಂದ, ನಾನು ಇಲ್ಲಿಂದ ಅರ್ಧರ್ಧ ದಾರಿ ಬಂದು ಮಸ್ಕಿ ಬಸ್ ನಿಲ್ದಾಣದಲ್ಲಿ ಕೂಡಿದೆವು. ನೀವು ಥಾಯ್ಲೆಂಡಿನ ಅರವತ್ತು ಬಾತ್ ನೋಟು ಕೊಟ್ಟಿರಿ, ನಾನು ಚಹಾ ಕುಡಿಸಿದೆ. ರಾಜನಿಗೆ ಅರವತ್ತು ತುಂಬಿತು ಎಂದು ಅರವತ್ತರದ್ದೇ ನೋಟು, ಅದೂ ಕರವಸ್ತ್ರದಂತೆ ಚೌಕ. ನೇಪಾಳದ ರಾಜ ಪಟ್ಟಕ್ಕೆ ಬಂದು ಇಪ್ಪತ್ತೈದು ವರ್ಷ ಆದಾಗ ಇಪ್ಪತ್ತೈದು ರೂಪಾಯಿಯ ನೋಟು. ಬ್ರುನೈ ಸುಲ್ತಾನನದೂ ಇಪ್ಪತ್ತೈದು ಡಾಲರ್. ರಾಜರು ಲೆಕ್ಕದ ಜನ, ನೋಡಿರಿ. ಎಷ್ಟು ವರ್ಷ ಬದುಕಿದರೋ, ಎಷ್ಟು ವರ್ಷ ಪಟ್ಟದಲ್ಲಿ ಕುಳಿತರೋ ಅಷ್ಟಕ್ಕೇ ನೋಟು ಹೊಡೆಸಿದರು. ಆ ಲೆಕ್ಕ ಹಿಡಿದರೆ ನಾನು ಈ ಅಂಗಡಿಯಲ್ಲಿ ಕುಳಿತದ್ದಕ್ಕೂ ಒಂದು ನೋಟು ಬರಬೇಕಿತ್ತು. ಯಾರೂ ಹೊಡೆಸಲಿಲ್ಲ.

ನನ್ನ ಷರತ್ತು ಒಂದೇ. ಆಲ್ಬಮ್ ಇಟ್ಟರೆ ಪೂರ್ತಿ ಇಡಬೇಕು. ಒಂದು ಪುಟವೂ ಬಿಡುವ ಹಾಗಿಲ್ಲ. ಎಲ್ಲ ಪುಟಗಳ ಫೋಟೊ ಇದರ ಜೊತೆ ಇವೆ.

ಶೇಖರಮ್ಮ


ಲಿಂಗಸುಗೂರು
19 ಆಗಸ್ಟ್ 2025

ಮಾನ್ಯ ಶೇಖರಮ್ಮನವರಿಗೆ ವಂದನೆಗಳು.

ಫೋಟೊಗಳನ್ನು ನೋಡಿ ಬಹಳ ಸಂತೋಷವಾಯಿತು. ರಾಜಮನೆತನಗಳ ಮದುವೆ, ಪಟ್ಟಾಭಿಷೇಕ, ಹುಟ್ಟುಹಬ್ಬಗಳ ನೋಟುಗಳನ್ನು ಇಷ್ಟು ಕ್ರಮವಾಗಿ ಕೂಡಿಟ್ಟವರು ನಮ್ಮ ಜಿಲ್ಲೆಯಲ್ಲಿ ಇನ್ನೊಬ್ಬರಿಲ್ಲ.

ಒಂದು ಸಣ್ಣ ಅಡಚಣೆ. ಮೊದಲನೆಯ ಪುಟದಲ್ಲಿರುವ ಭೂತಾನದ ನೂರರ ನೋಟು, 2011ರ ರಾಜಮದುವೆಯದು, ಹಾಳಾಗಿದೆ. ರಾಣಿಯ ಹಣೆಯ ಮೇಲೆ ಕೆಂಪು ದಾಗು, ಅಂಚಿನಲ್ಲಿ ಹಳದಿ. ಅಂಗಡಿಯ ಆಳುಗಳು ಮಾಡಿದ್ದಿರಬೇಕು. ನಾನು ಬ್ಯಾಂಕಿನ ಕ್ಯಾಷಿಯರ್ ಆಗಿದ್ದವನು. ದೀಪಾವಳಿ ಮುಗಿದ ವಾರ ಅರಿಶಿನ-ಕುಂಕುಮ ಮೆತ್ತಿದ ನೋಟುಗಳನ್ನು ಎಣಿಸಿ ಎಣಿಸಿ ಬೆರಳೇ ಕೆಂಪಾಗುತ್ತಿತ್ತು. ನಿವೃತ್ತನಾದ ಮೇಲೆ ಕಲೆಯಿಲ್ಲದ ನೋಟು ಮಾತ್ರ ಮುಟ್ಟುತ್ತೇನೆ ಎಂದು ಈ ಹವ್ಯಾಸ ಹಿಡಿದೆ. ಆದ್ದರಿಂದ ಕಣ್ಣು ಮೊದಲು ಅಲ್ಲಿಗೇ ಹೋಯಿತು, ಕ್ಷಮಿಸಿ.

ನೋಟನ್ನು ತೊಳೆಯಬೇಡಿ, ಕಾಗದ ಸಾಯುತ್ತದೆ. ಆ ಪುಟವನ್ನು ತೆಗೆದಿಟ್ಟರೆ ಸಾಕು. ಯಜಮಾನರಿಗೂ ನನ್ನ ನಮಸ್ಕಾರ ತಿಳಿಸಿ.

ವೀರೇಂದ್ರ


ಸಿಂಧನೂರು
25 ಆಗಸ್ಟ್ 2025

ವೀರೇಂದ್ರ ಅವರಿಗೆ,

ನಿಮ್ಮ ನಮಸ್ಕಾರ ತಿಳಿಸಿದೆ. ಅವರು ಎದುರಾಡುವವರಲ್ಲ.

ಆ ನೋಟು ಬಂದ ಬಗೆ ಕೇಳಿರಿ. ಮಸ್ಕಿಯ ಮಾಳಿಂಗಪ್ಪ ನಮ್ಮ ಲಾರಿ ಡ್ರೈವರ್. ಇಲ್ಲಿಂದ ಮೆಣಸಿನಕಾಯಿ ಹೇರಿಕೊಂಡು ಭೂತಾನದ ಗಡಿಯ ತನಕ ಹೋದವನು, ಬರುವಾಗ ಕಲಕತ್ತೆಯಿಂದ ಗೋಣಿಚೀಲ ತುಂಬಿಕೊಂಡು ಬಂದ. ದಾರಿಖರ್ಚಿನಲ್ಲಿ ಉಳಿದದ್ದನ್ನು ಮೇಜಿನ ಮೇಲೆ ಇಟ್ಟ. ಅದರೊಳಗೆ ಇದೊಂದು.

"ಏನೋ ಇದು, ಮದುವಿ ಕಾರ್ಡಿನಂಗ ಐತಿ?" ಅಂದೆ.

"ನೂರು ರೂಪಾಯಿ ಐತಿ ಬಿಡ್ರಿ ಯಕ್ಕಾ. ಅಲ್ಲಿ ನಡಿತೈತಿ."

"ಅಲ್ಲಿ ನಡಿತೈತಿ ಅಂದ್ರ ಅಲ್ಲೇ ನಡಸಿ ಬರಬೇಕಿತ್ತು. ಸಿಂಧನೂರಾಗ ಯಾವ ಕಾಯಿಪಲ್ಲೆದಾಕಿ ಇದನ್ನ ತಗೋತಾಳ?"

"ರಾಜಾ ರಾಣಿ ಅದಾರ್ರಿ. ಹರಿಬ್ಯಾಡ್ರಿ, ಪಾಪ."

ಹೀಗೆ ಮೋಸ ಹೋಗಿ ಬಂದ ನೋಟು ನನ್ನ ಮೊದಲನೆಯ ನೋಟು. ಉಳಿದವೆಲ್ಲ ನಾನು ದುಡ್ಡು ಕೊಟ್ಟು ಕರೆಸಿಕೊಂಡವು. ಇದು ಮಾತ್ರ ತಾನೇ ಬಂದದ್ದು. ಮೊದಲನೆಯ ಪುಟ ಅದರದು.

ಅದು ದಾಗು ಅಲ್ಲ, ಕುಂಕುಮ. ಆಳುಗಳು ಮಾಡಿದ್ದಲ್ಲ. ಆ ಪುಟ ತೆಗೆಯುವುದಿಲ್ಲ.

ಶೇಖರಮ್ಮ


ಲಿಂಗಸುಗೂರು
13 ಸೆಪ್ಟೆಂಬರ್ 2025

ಮಾನ್ಯ ಶೇಖರಮ್ಮನವರಿಗೆ,

ತಡವಾಗಿ ಬರೆಯುತ್ತಿರುವುದಕ್ಕೆ ಕಾರಣವಿದೆ. ಇದರ ಜೊತೆ ಒಂದು ಚಿಕ್ಕ ಲಕೋಟೆ ಇಟ್ಟಿದ್ದೇನೆ. ಒಳಗೆ ಅದೇ ಭೂತಾನದ ಮದುವೆ ನೋಟು, ಒಂದು ಮಡಿಕೆಯೂ ಇಲ್ಲದ್ದು. ಹುಡುಕಿಸಿ ತರಿಸಿದೆ. ದುಡ್ಡಿನ ಮಾತು ಬೇಡ, ಬಳಗದ ಕಡೆಯಿಂದ ಉಡುಗೊರೆ ಎಂದುಕೊಳ್ಳಿ. ಮೊದಲನೆಯ ಪುಟದಲ್ಲಿ ಇದನ್ನು ಇಟ್ಟರೆ ನಿಮ್ಮ ಕ್ರಮವೂ ಕೆಡುವುದಿಲ್ಲ, ನೋಡುವವರ ಕಣ್ಣಿಗೂ ತೊಡಕಾಗುವುದಿಲ್ಲ. ಹಳೆಯದು ಮನೆಯಲ್ಲಿರಲಿ.

ಇನ್ನೊಂದು ಮಾತು. ಮಂಟಪದ ಬಾಡಿಗೆ, ಊಟ, ಬ್ಯಾನರ್ ಎಲ್ಲವನ್ನೂ ಒಬ್ಬ ದಾನಿಗಳು ವಹಿಸಿಕೊಂಡಿದ್ದಾರೆ. ನಿಮ್ಮ ಪುಟಗಳ ಫೋಟೊ ಅವರಿಗೂ ತೋರಿಸಿದೆ. ಮೊದಲನೆಯದನ್ನು ನೋಡಿದವರೇ ಉಳಿದದ್ದು ನೋಡಲಿಲ್ಲ. ಇಂಥದ್ದು ಶುಭಕಾರ್ಯದಲ್ಲಿ ಬೇಡ ಎಂದರು. ಹಿರಿಯರು, ಶರಣ ಮನೆತನದವರು. ಅವರ ಮನಸ್ಸು ನೋಯಿಸುವುದು ನಮಗೆ ಆಗದು.

ಯಜಮಾನರಿಗೆ ನಮಸ್ಕಾರಗಳು.

ವೀರೇಂದ್ರ


ಸಿಂಧನೂರು
15 ಸೆಪ್ಟೆಂಬರ್ 2025

ವೀರೇಂದ್ರ ಅವರಿಗೆ,

ನಿಮ್ಮ ನೋಟು ವಾಪಸು ಕಳಿಸಿದ್ದೇನೆ. ಒಳ್ಳೆಯ ನೋಟು, ಒಳ್ಳೆಯ ಮನಸ್ಸಿನಿಂದ ಕೊಟ್ಟಿರಿ. ಆದರೆ ಒಬ್ಬಳ ಜಾಗದಲ್ಲಿ ಇನ್ನೊಬ್ಬಳನ್ನು ಕೂಡಿಸುವ ಪದ್ಧತಿ ನನ್ನ ಅಂಗಡಿಯಲ್ಲಿ ಇಲ್ಲ. ಒಂದು ಸಲ ನಡೆಯಿತು, ಸಾಕು.

ಒಂದು ಪುಟ ನೋಡಿ ಉಳಿದದ್ದು ನೋಡದ ಆ ದಾನಿಯ ಹೆಸರು ಬರೆಯಿರಿ. ನನಗೆ ಗೊತ್ತಿದೆ. ಆದರೂ ನೀವು ಬರೆಯಿರಿ.

ಶೇಖರಮ್ಮ


ಲಿಂಗಸುಗೂರು
6 ಅಕ್ಟೋಬರ್ 2025

ಮಾನ್ಯ ಶೇಖರಮ್ಮನವರಿಗೆ,

ನಿಮ್ಮ ಪತ್ರಕ್ಕೆ ಏನು ಉತ್ತರ ಕೊಡಬೇಕೆಂದು ತಿಳಿಯದೆ ದಸರೆಯೂ ಕಳೆಯಿತು. ದಾನಿಗಳು ನಿಮ್ಮ ಊರಿನ ಅಕ್ಕಿ ಗಿರಣಿಯ ಶಿವಶರಣಪ್ಪನವರು. ಹೆಸರು ಹೇಳಬೇಡಿ ಎಂದಿದ್ದರು. ಅವರು ನಿಮಗೆ ಮೈದುನರಾಗಬೇಕು ಎಂಬುದು ನನಗೆ ಈಗಷ್ಟೇ ಗೊತ್ತಾಯಿತು.

ಮನೆತನದ ಒಳಮಾತು ನನಗೆ ಬೇಡ. ಹೊರಗಿನವನಾಗಿ ಒಂದು ಉಪಾಯ ಹೇಳುತ್ತೇನೆ. ನಿಮ್ಮ ಯಜಮಾನರು ಅವರಿಗೆ ಅಣ್ಣ. ಯಜಮಾನರ ಬಾಯಿಂದ ಒಂದು ಮಾತು ಆಡಿಸಿರಿ. ಅಣ್ಣ ಹೇಳಿದರೆ ತಮ್ಮ ಕೇಳಿಯೇ ಕೇಳುತ್ತಾನೆ. ಅದೂ ಆಗದಿದ್ದರೆ ದಯವಿಟ್ಟು ಒಂದು ಪುಟ ಬಿಟ್ಟುಕೊಡಿ. ದೂರದೂರದಿಂದ ಸಂಗ್ರಾಹಕರು ಬರುತ್ತಾರೆ. ನಡುವಿನ ಮೇಜಿನ ಮೇಲೆ ನಿಮ್ಮ ಹೆಸರಿನ ಫಲಕ ಆಗಲೇ ಬರೆಸಿದ್ದೇನೆ.

ವೀರೇಂದ್ರ


ಸಿಂಧನೂರು
10 ಅಕ್ಟೋಬರ್ 2025

ವೀರೇಂದ್ರ ಅವರಿಗೆ,

ಯಜಮಾನರ ಬಾಯಿಂದ ಆಡಿಸಿ ಎಂದಿರಿ. ಆಡಿಸಬಹುದಿತ್ತು, ಆದರೆ ಅವರು 2012ರ ಮಳೆಗಾಲದಿಂದ ಅಂಗಡಿಯ ಗೋಡೆಯ ಮೇಲೆ ಹಾರ ಹಾಕಿಕೊಂಡು ಇದ್ದಾರೆ. ನಿಮ್ಮ ನಮಸ್ಕಾರಗಳನ್ನೆಲ್ಲ ಅವರಿಗೇ ಹೇಳಿದ್ದೆ. ಸುಳ್ಳು ಹೇಳಲಿಲ್ಲ. ಮಸ್ಕಿಯಲ್ಲಿ ನನ್ನ ಹಣೆ ನೋಡಿ ನೀವು ಲೆಕ್ಕ ಹಾಕಿಕೊಂಡಿರಿ. ನಾನು ತಿದ್ದಲಿಲ್ಲ, ಏಕೆಂದರೆ ನನ್ನ ಹಣೆಯ ಮೇಲಿರುವುದಕ್ಕೆ ನಾನು ಯಾರಿಗೂ ರಸೀದಿ ಕೊಡುವುದಿಲ್ಲ. ಈಗ ನೀವು ಕೇಳಿದಿರಿ, ಹೇಳುತ್ತೇನೆ.

ಪಾಮನಕಲ್ಲೂರಿನಿಂದ ಸೊಸೆಯಾಗಿ ಬಂದವಳು ನಾನು. ಈ ಅಂಗಡಿಯ ಹಿಂದೆ ಕುಳಿತು ಹರಿದ ಚೀಲ ಹೊಲಿಯುತ್ತಿದ್ದೆ. ದಬ್ಬಣ ಹಿಡಿದ ಕೈ ಮೆಲ್ಲಗೆ ಕೊಡುಕೊಳ್ಳುವುದನ್ನೂ ಹಿಡಿಯಿತು. ಯಜಮಾನರು ತೀರಿಕೊಂಡ ವರ್ಷದ ದೀಪಾವಳಿ ಅಮಾವಾಸ್ಯೆ. ಅಂಗಡಿ ತೊಳೆದು, ಬಾಳೆಗಿಡ ಕಟ್ಟಿಸಿ, ಚೆಂಡುಹೂ ತರಿಸಿದ್ದೆ. ಗಲ್ಲಾಪೆಟ್ಟಿಗೆಯಲ್ಲಿ ಲಕ್ಷ್ಮೀಪೂಜೆಗೆಂದು ಹೊಸ ನೋಟಿನ ಕಟ್ಟು ತೆಗೆದಿರಿಸಿದ್ದೆ. ಸಂಜೆಗೆ ಶಿವಶರಣಪ್ಪ ಬಂದ.

"ಅತ್ತಿಗಿ, ಈ ಸಲ ಪೂಜಿ ನಮ್ಮಾಕಿ ಮಾಡ್ತಾಳ. ನೀ ಮನ್ಯಾಗ ಇರು. ಮಂದಿ ಬರ್ತಾರ, ಚಂದ ಕಾಣಂಗಿಲ್ಲ."

"ಯಾವದು ಚಂದ ಕಾಣಂಗಿಲ್ಲಪಾ? ನಾನೋ, ಪೂಜಿನೋ?"

"ಹಂಗಲ್ಲ. ನಿನ್ನ ಕೈ ಕುಂಕುಮಕ್ಕ ಹತ್ತಬಾರದು ಅನ್ನೋದು ನಾ ಮಾಡಿದ ಕಾಯ್ದೆ ಅಲ್ಲ."

"ನಿನ್ನೆ ಇದೇ ಕೈಲೆ ಚೀಲ ಎಣಿಸಿ ನಿನ್ನ ಗಿರಣಿ ಲಾರಿ ತುಂಬಿಸೀನಿ. ಆವಾಗ ಕೈ ಬರೋಬರಿ ಇತ್ತೇನು?"

ಅವನು ನೋಟಿನ ಕಟ್ಟು ಎತ್ತಿಕೊಂಡು, ಪೂಜೆ ಗಿರಣಿಯಲ್ಲೇ ಆಗುತ್ತದೆ ಎಂದು ಹೋದ. ಗಲ್ಲಾ ತೆಗೆದು ನೋಡಿದೆ. ತಳದಲ್ಲಿ ಭೂತಾನದ ನೋಟೊಂದೇ ಬಿದ್ದಿತ್ತು. ಯಾರಿಗೂ ಬೇಡವೆಂದು ಅವನೂ ಬಿಟ್ಟು ಹೋಗಿದ್ದ.

ನನ್ನ ಜೊತೆ ಚೀಲ ಹೊಲಿಯುವ ಹುಸೇನ್‌ಬೀ ಮೂಲೆಯಲ್ಲಿ ಕುಳಿತು ಎಲ್ಲ ಕೇಳಿಸಿಕೊಂಡಿದ್ದಳು. ಎದ್ದು ಸೆರಗು ಝಾಡಿಸಿದಳು.

"ಯಕ್ಕಾ, ಏನೇನು ಬೇಕು ಹೇಳು, ನಾ ತರ್ತೀನಿ. ನೀ ಹೋಗಿ ಕುಂಕುಮ ಕೇಳಿದ್ರ ಅಂಗಡ್ಯಾಂವ ಮಾರಿ ನೋಡ್ತಾನ. ನಂಗ ಏನೂ ಕೇಳಂಗಿಲ್ಲ, ಬರೇ ರೊಕ್ಕ ಕೇಳ್ತಾನ."

ಅವಳು ತಂದಳು. ಭೂತಾನದ ರಾಜ-ರಾಣಿಯನ್ನು ಮಣೆಯ ಮೇಲೆ ಇಟ್ಟೆ. ಅರಿಶಿನ ಹಚ್ಚಿದೆ, ರಾಣಿಯ ಹಣೆಗೆ ಕುಂಕುಮ ಇಟ್ಟೆ. ಬೆರಳಿಗೆ ಇನ್ನೂ ಕುಂಕುಮ ಉಳಿದಿತ್ತು. ಅದನ್ನು ನನ್ನ ಹಣೆಗೆ ಇಟ್ಟುಕೊಂಡೆ. ಹುಸೇನ್‌ಬೀ ದಿಟ್ಟಿಸಿ ನೋಡಿ, "ಸ್ವಲ್ಪ ಎಡಕ್ಕ ಆಗೇತಿ" ಅಂದಳು. ಸರಿ ಮಾಡಿಕೊಂಡೆ.

ಮರುದಿನ ಜನ ಪೂಜೆಯ ಪ್ರಸಾದದ ಮಂಡಾಳು-ಬತ್ತಾಸಿಗೆ ಬಂದರು. ಮೊದಲು ಹಣೆ ನೋಡಿದರು, ಆಮೇಲೆ ಚೀಲದ ದರ ಕೇಳಿದರು. ದರ ಕಡಿಮೆ ಇತ್ತು. ಕೊಂಡುಹೋದರು. ಅಂದಿನಿಂದ ಇಂದಿನ ತನಕ ಅಂಗಡಿ ನನ್ನದು, ಅದರ ಪೂಜೆ ನನ್ನದು. ಎಲ್ಲೆಲ್ಲಿಯ ರಾಜರ ನೋಟು ಕೂಡಿಸಲು ಹತ್ತಿದ್ದೂ ಅಂದಿನಿಂದಲೇ. ಯಾರನ್ನು ಕೇಳಿ ಅವರೆಲ್ಲ ಪಟ್ಟಕ್ಕೆ ಕುಳಿತರೋ ನೋಡೋಣ ಎಂದು.

ಅಷ್ಟು ದೂರದ ರಾಣಿಯ ಹಣೆ ನೋಡಿ ಶಿವಶರಣಪ್ಪನಿಗೇಕೆ ಸಂಕಟವಾಯಿತು ಎಂದು ಈಗ ನಿಮಗೆ ತಿಳಿಯಿತು. ಪುಟ ತೆಗೆಯುವುದಿಲ್ಲ.

ಶೇಖರಮ್ಮ


ಲಿಂಗಸುಗೂರು
30 ಅಕ್ಟೋಬರ್ 2025

ಶೇಖರಮ್ಮನವರಿಗೆ,

ನಿಮ್ಮ ಪತ್ರವನ್ನು ಯಾರಿಗೂ ತೋರಿಸಿಲ್ಲ.

ಬಳಗದ ಸಭೆ ಆಯಿತು. ನಡುವಿನ ಮೇಜನ್ನು ಹೈದರಾಬಾದ್ ನಿಜಾಮರ ನಾಣ್ಯಗಳಿಗೆ ಕೊಡಬೇಕೆಂದು ತೀರ್ಮಾನವಾಗಿದೆ. ಮೊದಲ ಪುಟ ಬಿಟ್ಟು ತರುವುದಾದರೆ ಮೂಲೆಯಲ್ಲಿ ಒಂದು ಚಿಕ್ಕ ಮೇಜು ಇದೆ. ನಾನು ಕಾರ್ಯದರ್ಶಿ. ಅಲ್ಲಿ ನನ್ನದು ಒಂದೇ ಮತ. ಆ ಮತವನ್ನೂ ನಾನು ಗಟ್ಟಿಯಾಗಿ ಹೇಳಲಿಲ್ಲ. ಇದಕ್ಕಿಂತ ಹೆಚ್ಚು ಬರೆಯಲು ಮುಖವಿಲ್ಲ.

ವೀರೇಂದ್ರ


ಸಿಂಧನೂರು
1 ನವೆಂಬರ್ 2025

ವೀರೇಂದ್ರ ಅವರಿಗೆ,

ಮೇಜು ಬೇಡ. ಗೋಣಿಚೀಲದ ವ್ಯಾಪಾರಿಗೆ ಮೇಜಿನ ಬರವಿಲ್ಲ. ಚೀಲ ಬಿಗಿದು ಕಟ್ಟಿದ ಬೇಲುಗಳನ್ನು ಒಂದರ ಮೇಲೊಂದು ಇಟ್ಟರೆ ಮಂಟಪದ ಮೇಜಿಗಿಂತ ಎತ್ತರವಾಗುತ್ತದೆ. ನಿಮ್ಮ ಮಂಟಪದ ಎದುರಿನ ರಸ್ತೆ ಇನ್ನೂ ಸರಕಾರದ್ದು ಎಂದು ಕೇಳಿದ್ದೇನೆ. ಒಂಬತ್ತನೆಯ ತಾರೀಖು ಬರುತ್ತೇನೆ. ನೀವು ಗಾಬರಿಯಾಗಬೇಡಿರಿ, ಜಗಳಕ್ಕೆ ಬರುವುದಿಲ್ಲ. ತೋರಿಸಲು ಬರುತ್ತೇನೆ.

ಶೇಖರಮ್ಮ


ಲಿಂಗಸುಗೂರು
11 ನವೆಂಬರ್ 2025

ಶೇಖರಮ್ಮನವರಿಗೆ,

ಹೊರಗೆ ಏನಾಯಿತೆಂದು ನಿಮಗೆ ಗೊತ್ತು. ಒಳಗಿನದನ್ನು ನಾನು ಹೇಳಬೇಕು.

ನಿಮ್ಮ ಟೆಂಪೊ ಬಂದು ನಿಂತಾಗ ಶಿವಶರಣಪ್ಪನವರು ಶರಣ ಪರಂಪರೆಯಲ್ಲಿ ಹೆಣ್ಣಿಗಿರುವ ಗೌರವದ ಬಗ್ಗೆ ಭಾಷಣ ಮಾಡುತ್ತಿದ್ದರು. ಕಿಟಕಿ ಪಕ್ಕದವರು ಮೊದಲು ಎದ್ದರು. ಬೇವಿನ ಮರದ ಕೆಳಗೆ ನೀವು ಬೇಲುಗಳನ್ನು ಪೇರಿಸುವುದು, ಹುಸೇನ್‌ಬೀ ಅದರ ಮೇಲೆ ಬಿಳಿ ಬಟ್ಟೆ ಹಾಸುವುದು ಎಲ್ಲ ಕಾಣುತ್ತಿತ್ತು. ಊಟಕ್ಕೆ ಬಿಟ್ಟಾಗ ಹೊರಗೆ ಹೋದ ಜನ ಒಳಗೆ ಮರಳಲಿಲ್ಲ. ನಿಜಾಮರ ನಾಣ್ಯದವರು ಮೇಜಿಗೆ ಬಟ್ಟೆ ಮುಚ್ಚಿ ತಾವೂ ನಿಮ್ಮ ಸಾಲಿನಲ್ಲಿ ನಿಂತರು. ಶಿವಶರಣಪ್ಪನವರು ರಸ್ತೆ ದಾಟಿ ಹೋಗಿ ಏನೋ ಅಂದರು. ಕೆಂಪಾಗಿ ಮರಳಿ ಬಂದು, ಬರುವ ವರ್ಷ ಮಂಟಪಕ್ಕೆ ಬೇರೆ ದಾನಿಯನ್ನು ನೋಡಿಕೊಳ್ಳಿ ಎಂದರು. ಅವರ ಶ್ರೀಮತಿ ಶಿವಕುಮಾರಿಯವರು ಅಷ್ಟು ಹೊತ್ತೂ ಮುಂದಿನ ಸಾಲಿನಲ್ಲಿ ಒಬ್ಬರೇ ಕುಳಿತಿದ್ದರು. ಆಮೇಲೆ ಯಾರ ಕಡೆಗೂ ನೋಡದೆ ಎದ್ದು ನಿಮ್ಮಲ್ಲಿಗೆ ಬಂದರು. ನೋಟನ್ನು ನೋಡಿ ನಿಮಗೆ ಏನೋ ಹೇಳಿದರು. ನೀವಿಬ್ಬರೂ ನಗುವುದು ಕಂಡಿತು. ಅವರ ಗಂಡನೂ ನನ್ನ ಪಕ್ಕದಲ್ಲಿ ನಿಂತು ಅದನ್ನೇ ನೋಡುತ್ತಿದ್ದರು.

ಕೊನೆಯಲ್ಲಿ ನಾನೂ ಬಂದೆ. ನೀವು ಭೂತಗನ್ನಡಿ ಕೊಟ್ಟು "ನೋಡ್ರಿ" ಅಂದಿರಿ. ಬಗ್ಗಿ ನೋಡಿದೆ.

ಎರಡು ಕೇಳುವುದಿದೆ. ಶಿವಕುಮಾರಿಯವರು ಏನೆಂದರು? ಹೇಳಲಾಗದಿದ್ದರೆ ಬೇಡ. ಇನ್ನೊಂದು, ಬಳಗದ ಪಟ್ಟಿ ಅಚ್ಚಿಗೆ ಹೋಗುತ್ತಿದೆ. ಬಂದು ತೋರಿಸಿದವರೆಲ್ಲರ ನೋಟು ಅದರಲ್ಲಿ ಬರಬೇಕು ಎಂದು ಈ ಸಲ ಗಟ್ಟಿಯಾಗಿಯೇ ಹೇಳಿದೆ. ಪ್ರತಿ ನೋಟಿನ ಎದುರಿಗೆ ಸ್ಥಿತಿ ಎಂಬ ಅಂಕಣವಿದೆ. ಹೊಸದು, ಬಳಸಿದ್ದು, ಹಾಳಾದದ್ದು ಎಂದು ಬರೆಯುವುದು ರೂಢಿ. ನಿಮ್ಮ ಮೊದಲನೆಯದಕ್ಕೆ ಏನು ಬರೆಯಲಿ?

ವೀರೇಂದ್ರ


ಸಿಂಧನೂರು
16 ನವೆಂಬರ್ 2025

ವೀರೇಂದ್ರ ಅವರಿಗೆ,

ಮೊದಲು ಶಿವಶರಣಪ್ಪನದು. ಬಂದು ನಿಂತವನು, "ಅತ್ತಿಗಿ, ಮನಿತನದ ಮರ್ಯಾದಿ ಬೀದ್ಯಾಗ ಹರಾಜ ಹಾಕಾಕತ್ತಿಯೇನು?" ಅಂದ.

"ಹರಾಜ ಅಲ್ಲಪಾ, ಇದು ಮಾರಾಟಕ್ಕಿಲ್ಲ" ಅಂದೆ.

"ಮಂದಿ ಏನಂತಾರ ಅನ್ನೋದು ಖಬರ ಐತೇನು?"

"ಸಾಲಿನ್ಯಾಗ ನಿಂತಾರ ನೋಡು, ನೀನ ಕೇಳು. ಕೇಳೋದಿದ್ರ ಹಿಂದ ಹೋಗಿ ನಿಲ್ಲು. ನಡುವ ತೂರಿದ್ರ ಬೈತಾರ."

ಅಷ್ಟೇ. ಜಗಳವಲ್ಲ, ಸಾಲಿನ ಶಿಸ್ತು.

ಶಿವಕುಮಾರಿಯದು ಹೇಳಲಾಗದ್ದೇನೂ ಅಲ್ಲ. ಅವಳು ಕೆಟ್ಟವಳಲ್ಲ. ಆ ವರ್ಷ ನನ್ನ ಜಾಗದಲ್ಲಿ ಅವಳನ್ನು ಕೂಡಿಸಿದರು, ಕುಳಿತಳು. ಭೂತಗನ್ನಡಿಯಲ್ಲಿ ಬಹಳ ಹೊತ್ತು ನೋಡಿದಳು.

"ಅಕ್ಕಾ, ಅವತ್ತು ನಾ ಪೂಜಿ ಮಾಡಿದ ಕಟ್ಟು ನೆಪ್ಪೈತೇನು? ಎಲ್ಲಾ ಸಾವಿರದ ನೋಟು. ಪೂಜಿ ನೋಟು ಖರ್ಚು ಮಾಡಬಾರದು ಅಂತ ದೇವರ ಮನ್ಯಾಗ ಇಟ್ಟಿದ್ದೆ."

"ಹೂಂ, ಇಟ್ಟಿರ್ತಿ."

"ನೋಟು ಬಂದ್ ಆದ ವರ್ಷ ಎಲ್ಲಾ ಹೊತ್ಕೊಂಡು ಬ್ಯಾಂಕಿನ ಸಾಲಿಗೆ ನಿಂತ್ವಿ. ಕುಂಕುಮ ಮೆತ್ತೀರಿ ಅಂತ ಕ್ಯಾಷಿಯರ್ ಬೈದ. ಇವ್ರು ಬಾಯಿ ಮುಚ್ಚಿಕೊಂಡು ಒಂದೊಂದ ನೋಟು ಧೋತ್ರಕ್ಕ ಒರೆಸಿ ಒರೆಸಿ ಕೊಟ್ರು. ನನ್ನ ಲಕ್ಷ್ಮಿ ಹಂಗ ಹೋದ್ಲು. ನಿನ್ನಾಕಿ ಇನ್ನೂ ಕುಂತಾಳಲ್ಲ."

ಧೋತರಕ್ಕೆ ಒರೆಸಿದ ಮಾತಿಗೇ ನಾವು ನಕ್ಕದ್ದು. ಬೈದ ಕ್ಯಾಷಿಯರ್ ನೀವೇ ಆಗಿದ್ದರೆ ಬಾಯಿ ಬಿಡಬೇಡಿರಿ, ನಾನೂ ಕೇಳುವುದಿಲ್ಲ. ಹೊರಡುವಾಗ ಅವಳು ನನ್ನ ಕೈ ಹಿಡಿದು, "ಬರೋ ದೀಪಾವಳಿ ಅಮಾಸಿಗೆ ನಿನ್ನ ಅಂಗಡಿಗೆ ಬರ್ತೀನಿ. ಕರೀತಿಯಿಲ್ಲ?" ಅಂದಳು. ನಾನು ಕರೆಯುವುದೇನು ಬಂತು, ಅಂಗಡಿ ಎಲ್ಲರಿಗೂ ತೆರೆದಿರುತ್ತದೆ, ಆದರೆ ಮಣೆಯ ಮುಂದೆ ಕೂಡುವವಳು ನಾನೇ ಎಂದು ಅಂದೆ. ಅದು ಅವಳಿಗೆ ಮೊದಲೇ ಗೊತ್ತಿತ್ತು.

ಇನ್ನು ನಿಮ್ಮ ಅಂಕಣ. ಹೊಸದು ಎಂದು ಬರೆಯಬೇಡಿರಿ, ಸುಳ್ಳಾಗುತ್ತದೆ. ಬಳಸಿದ್ದು ಎಂದರೆ, ಅದನ್ನು ಕೊಟ್ಟು ನಾನು ಏನೂ ಕೊಂಡಿಲ್ಲ. ಹಾಳಾದದ್ದು ಎಂದು ಬರೆದರೆ ನಿಮ್ಮ ಬಳಗದ ಎಲ್ಲ ಪ್ರತಿಗಳನ್ನೂ ನಾನೇ ಕೊಂಡು ಚೀಲದಲ್ಲಿ ತುಂಬಿ ಬಾಯಿ ಹೊಲಿಯುತ್ತೇನೆ. ಕೆಳಗೆ ಬರೆದದ್ದನ್ನು ಒಂದು ಅಕ್ಷರವೂ ಬದಲಿಸದೆ ಅಚ್ಚು ಹಾಕಿಸಿರಿ:

ಭೂತಾನ. ನೂರು. ರಾಜಮದುವೆ, 2011.
ಸ್ಥಿತಿ: ಪೂಜೆ ಆದದ್ದು.
ಪೂಜೆ ಮಾಡಿದವಳು: ಶೇಖರಮ್ಮ, ಅಂಗಡಿಯ ಯಜಮಾನಿ, ಸಿಂಧನೂರು.